ಸೋದರತ್ತೆ ಹೇಳಬೇಕಾದ ಹೆಸರು

ಕೋವಿಡ್‌ನ ಎರಡನೆಯ ವರ್ಷ ನನ್ನ ತಮ್ಮನ ಹೆಂಡತಿ ಬಸುರಿಯಾದಳು. ಅವರಿಬ್ಬರೂ ಟೋಕಿಯೋದಲ್ಲಿದ್ದರು, ತಮ್ಮನ ಆಫೀಸು ಶಿನಾಗಾವಾದಲ್ಲಿ. ನಾನು ಕ್ಯೋಟೋದ ಒಂದು ಪ್ರಯೋಗಾಲಯದಲ್ಲಿ ಸಂಶೋಧಕಿ. ಗಡಿ ಮುಚ್ಚಿದ್ದರಿಂದ ಬೆಂಗಳೂರಿನಿಂದ ಯಾರೂ ಬಾಣಂತನಕ್ಕೆ ಬರುವಂತಿರಲಿಲ್ಲ. ಇಡೀ ಜಪಾನಿನಲ್ಲಿ ಆ ಮಗುವಿಗೆ ಇದ್ದ ಬಂಧು ನಾನೊಬ್ಬಳೇ, ಅದೂ ಸೋದರತ್ತೆ. ನಮ್ಮ ಮನೆಯಲ್ಲಿ ಹೆಸರು ಆರಿಸುವುದು, ತೊಟ್ಟಿಲಿಗೆ ಬಗ್ಗಿ ಮೂರು ಸಲ ಮಗುವಿನ ಕಿವಿಯಲ್ಲಿ ಅದನ್ನು ಹೇಳುವುದು ಸೋದರತ್ತೆಯ ಹಕ್ಕು. ಆ ಹಕ್ಕಿನ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ತಮ್ಮನ ಹೆಂಡತಿ ಪಿಯುಸಿಯಲ್ಲಿ ಮಾರ್ಕ್ಸಿನ ಆಸೆಗೆ ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡವಳು. ಬೆಂಗಳೂರಿನ ಕಾಲೇಜುಗಳಲ್ಲಿ ಇದು ಹೊಸದೇನಲ್ಲ, ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಮರೆತುಬಿಡುತ್ತಾರೆ. ಇವಳು ಮರೆತಿರಲಿಲ್ಲ. ಹೆಣ್ಣುಮಗು ಎಂದು ಡಾಕ್ಟರು ಹೇಳಿದ ವಾರವೇ ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದಳು. ಅರೋರ್, ಸೆಲೆಸ್ತ್, ಮಾರ್ಗೋ, ಕ್ಲೇರ್, ಇನ್ನೂ ಏನೇನೋ. ಒಂದೊಂದರ ಮುಂದೆಯೂ ಅರ್ಥ ಬರೆದಿದ್ದಳು: ಬೆಳಗಿನ ಜಾವ, ಆಕಾಶದವಳು, ಮುತ್ತು, ಬೆಳಕಿನವಳು. ಹಿಂದೆಯೇ ವಿಡಿಯೋ ಕಾಲ್ ಬಂತು.

“ಅಕ್ಕ, ಕ್ಲಿನಿಕ್ಕಲ್ಲಿ ನನ್ನ ಹೆಸರು ಕೂಗೋಷ್ಟರಲ್ಲಿ ಅವ್ರಿಗೆ ಸುಸ್ತಾಗುತ್ತೆ. ಇವು ಎಲ್ಲಿಗೆ ಹೋದ್ರೂ ಈಸಿ. ಮೀನಿಂಗೂ ಚೆನ್ನಾಗಿದೆ. ನೀವೇ ಒಂದು ಸೆಲೆಕ್ಟ್ ಮಾಡಿ.”

ಜಪಾನಿನಲ್ಲಿ ಬೇಕರಿಗೆ, ಕ್ಷೌರದಂಗಡಿಗೆ, ಬಾಡಿಗೆ ಮನೆಗಳ ಕಟ್ಟಡಕ್ಕೆ, ಎಲ್ಲಕ್ಕೂ ಫ್ರೆಂಚ್ ಹೆಸರಿಡುತ್ತಾರೆ. ನಾನು ನಕ್ಕೆ. “ಎಲ್ಲಾ ಸ್ಟೇಷನ್ ಪಕ್ಕದ ಕೇಕ್ ಅಂಗಡಿ ಬೋರ್ಡ್ ಓದಿದ ಹಾಗಿದೆಯಲ್ಲಮ್ಮ. ಬೆಳಗು ಬೇಕಿದ್ರೆ ಉಷಾ ಅನ್ನು, ಮುತ್ತು ಬೇಕಿದ್ರೆ ಮುಕ್ತಾ ಅನ್ನು, ಮುಗೀತಲ್ಲ.” ಅವಳೂ ನಕ್ಕಳು. ಆ ನಗು ಮರ್ಯಾದೆಗೆ ನಕ್ಕಿದ್ದು ಎಂದು ನನಗೆ ಆಗಲೇ ಗೊತ್ತಾಗಿತ್ತು. ಆದರೂ ಮರುದಿನ ನನ್ನದೇ ಒಂದು ಉದ್ದನೆಯ ಪಟ್ಟಿ ಕಳಿಸಿದೆ.

ಏಳನೆಯ ತಿಂಗಳಲ್ಲಿ ಮತ್ತೆ ಕೇಳಿದಳು. ಆ ಹೊತ್ತಿಗೆ ಅವಳ ಲೋಕವೆಂದರೆ ಒಂದೂವರೆ ಕೋಣೆಯ ಮನೆ ಮತ್ತು ಕೆಳಗಿನ ಕೊಂಬಿನಿ ಅಂಗಡಿ. “ಇವ್ರು ಬಾಗಿಲು ಹಾಕ್ಕೊಂಡು ಮೀಟಿಂಗಲ್ಲಿರ್ತಾರೆ. ದಿನವಿಡೀ ನಾನು ಮಾತಾಡೋದು ಹೊಟ್ಟೆಯಲ್ಲಿರೋಳ ಜೊತೆಗೇ, ಅಕ್ಕ. ಹೆಸರಿಟ್ಟು ಕರೀಬೇಕು ಅನ್ಸುತ್ತೆ. ನೀವು ಹೂಂ ಅನ್ನಿ ಸಾಕು.”

“ಹುಟ್ಟೋಕೆ ಮುಂಚೆ ಹೆಸರು ಬಾಯಿಗೆ ತರಬಾರದಮ್ಮ. ಶಾಸ್ತ್ರ ಅಂತ ಒಂದಿದೆ,” ಎಂದೆ.

ಏಕಾದಶಿಯ ದಿನ ಈರುಳ್ಳಿ ದೋಸೆ ಹೊಡೆಯುವ ನನಗೆ ಅವತ್ತು ಶಾಸ್ತ್ರ ನೆನಪಾಗಿತ್ತು. ನಿಜ ಹೇಳಬೇಕೆಂದರೆ ಆ ಹೆಸರುಗಳು ನನಗೆ ಇಷ್ಟವಿರಲಿಲ್ಲ, ಹಾಗೆಂದು ನೇರವಾಗಿ ಹೇಳುವ ಧೈರ್ಯವೂ ಇರಲಿಲ್ಲ. ಹುಟ್ಟುವಷ್ಟರಲ್ಲಿ ಮನಸ್ಸು ಬದಲಾಯಿಸಿಯಾಳು ಎಂದು ತಳ್ಳಿಕೊಂಡು ಬಂದೆ. ಆಯಿತು ಅಕ್ಕ ಎಂದು ಫೋನಿಟ್ಟಳು. ಮತ್ತೆ ಆ ಮಾತೆತ್ತಲಿಲ್ಲ.

ಒಂಬತ್ತನೆಯ ತಿಂಗಳಲ್ಲಿ, ಒಂದು ಬೆಳಿಗ್ಗೆ, ಪ್ರಯೋಗಾಲಯದ ಮುಂದೆ ಸೈಕಲ್ಲಿಗೆ ಬೀಗ ಹಾಕುತ್ತಿದ್ದಾಗ ತಮ್ಮ ಫೋನ್ ಮಾಡಿದ. ಎರಡು ದಿನದಿಂದ ಮಗು ಅಲುಗುತ್ತಿಲ್ಲವೆಂದು ಆಸ್ಪತ್ರೆಗೆ ಹೋಗಿದ್ದರು.

“ಅಕ್ಕ, ಹಾರ್ಟ್‌ಬೀಟ್ ಇಲ್ವಂತೆ.”

ಈಗಲೇ ಹೊರಟು ಬರುತ್ತೇನೆ ಎಂದೆ. “ಬಂದು ಏನ್ಮಾಡ್ತೀಯಾ? ಒಳಗೆ ಬಿಡಲ್ಲ. ನನ್ನನ್ನ ಬಿಟ್ಟಿರೋದೇ ಹೆಚ್ಚು,” ಎಂದ. ಅದು ನಿಜವೇ ಆಗಿತ್ತು. ಆದರೂ ಅವನ ಮೇಲೆ ಸಿಟ್ಟು ಬಂತು, ಆಸ್ಪತ್ರೆಯ ಮೇಲೆ, ಆ ರೋಗದ ಮೇಲೆ, ದೇವರ ಮೇಲೆ. ಸೈಕಲ್ ಸ್ಟ್ಯಾಂಡಿನ ಪಕ್ಕದಲ್ಲೇ ಕುಕ್ಕರಿಸಿ ಅತ್ತೆ. ದಾಟಿ ಹೋಗುತ್ತಿದ್ದ ಹುಡುಗಿಯೊಬ್ಬಳು ಕರವಸ್ತ್ರ ಕೊಟ್ಟು ಬಗ್ಗಿ ನಮಸ್ಕರಿಸಿ ಹೋದಳು.

ಮರುದಿನ ಮಧ್ಯಾಹ್ನ ಹೆರಿಗೆಯಾಯಿತು. ಸ್ವಲ್ಪ ಹೊತ್ತಿಗೆ ಅವಳೇ ಕಾಲ್ ಮಾಡಿದಳು. ಮುಖ ಊದಿತ್ತು, ಸ್ವರ ಮಾತ್ರ ಸರಿಯಾಗಿತ್ತು.

“ಅಕ್ಕ, ಮುನಿಸಿಪಲ್ ಆಫೀಸಿಗೆ ಕೊಡೋಕೆ ಒಂದು ಫಾರ್ಮ್ ಕೊಟ್ಟಿದ್ದಾರೆ. ಬದುಕಿ ಹುಟ್ಟಿದ್ರೆ ಬೇರೆ ಫಾರ್ಮಂತೆ. ಇದ್ರಲ್ಲಿ ಅಪ್ಪನ ಹೆಸರಿದೆ, ನನ್ನ ಹೆಸರಿದೆ, ಮಗು ಹೆಸರಿಗೆ ಜಾಗಾನೇ ಇಲ್ಲ. ಎಲ್ಲೂ ಬರೆಯಲ್ವಂತೆ. ನೀವು ಹೇಳ್ದೇ ಹೋದ್ರೆ ಅವಳಿಗೆ ಹೆಸರೇ ಇರಲ್ಲ. ನಿಮ್ಮ ಲಿಸ್ಟಿಂದೇ ಯಾವುದಾದ್ರೂ ಹೇಳಿ, ಪರವಾಗಿಲ್ಲ.”

ನಾನು ಕೇಳಿದೆ: “ಇಷ್ಟು ದಿನ ನೀನು ಒಳಗೊಳಗೇ ಏನಂತ ಕರೀತಿದ್ದೆ?”

“ಕರೀಲಿಲ್ಲ, ಅಕ್ಕ. ನೀವು ಬೇಡ ಅಂದಿದ್ರಲ್ಲ.”

ಈ ಒಂದು ವಿಷಯಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

“ಕರೆಯೋದಾಗಿದ್ರೆ?” ಎಂದೆ.

“ಕ್ಲೇರ್.”

ತಮ್ಮ ಫೋನನ್ನು ಮಗುವಿನ ಹತ್ತಿರ ಒಯ್ದ. ಬಿಳಿಯ ಟವೆಲ್ಲಿನೊಳಗೆ ಪುಟ್ಟ ಕಿವಿ, ಅದರ ಮೇಲೆ ನಮ್ಮಪ್ಪನಿಗಿದ್ದಂಥದೇ ದಟ್ಟ ಕೂದಲು. ಸ್ವರ ತಗ್ಗಿಸಿ ಮೂರು ಸಲ ಹೇಳಿದೆ. ಕ್ಲೇರ್. ಕ್ಲೇರ್. ಕ್ಲೇರ್. ಬಾಯಿಗೆ ಎಷ್ಟು ಸುಲಭವಾಗಿ ಬಂತೆಂದರೆ ನನಗೇ ನಾಚಿಕೆಯಾಯಿತು.

ಮಂಚದ ಕಡೆಯಿಂದ ಅವಳ ದನಿ ಕೇಳಿಸಿತು. “ಅರ್ಥಾನೂ ಹೇಳಿ, ಅಕ್ಕ. ಅವಳಿಗೆ ಫ್ರೆಂಚ್ ಬರಲ್ಲ.”

ಪಟ್ಟಿಯಲ್ಲಿ ಬೆಳಕಿನವಳು ಎಂದೇನೋ ಇತ್ತು. ಆ ಕೋಣೆಯಲ್ಲಿ ಮಲಗಿದ್ದ ಮಗುವಿಗೆ ಆ ಮಾತು ಹೇಳಲು ನನ್ನಿಂದ ಆಗಲಿಲ್ಲ. ಇಂಗ್ಲಿಷಿನ ಕ್ಲಿಯರ್ ಕೂಡ ಅದೇ ಪದ ಎಂಬುದು ನೆನಪಾಯಿತು.

“ತಿಳಿ ಅಂತ, ಪುಟ್ಟಾ,” ಎಂದೆ. “ತಿಳಿನೀರು ಇರುತ್ತಲ್ಲ, ಹಾಗೆ.”