ಗ್ರೀಕ್ ಕಂಬಕ್ಕೆ ಅರಿಶಿನ ಕುಂಕುಮ

ರೌಂಡ್ ರಾಕ್ ಊರಿನಿಂದ ಪ್ರಾಸ್ಪರ್ ಊರಿಗೆ ಶಿಫ್ಟ್ ಆದಾಗ ನಮ್ಮವರು ಮನೆ ಆರಿಸಿದ್ದು ಅಡುಗೆಮನೆ ನೋಡಿ ಅಲ್ಲ, ಮುಂಬಾಗಿಲ ಎದುರಿನ ನಾಲ್ಕು ಬಿಳಿ ಕಂಬ ನೋಡಿ. "ಗ್ರೀಕರ ಡಿಸೈನ್ ಕಣೇ, ಎರಡೂವರೆ ಸಾವಿರ ವರ್ಷದ್ದು," ಎಂದರು. ನಾನು ಬೆರಳಿನಿಂದ ತಟ್ಟಿ ನೋಡಿದೆ. ಖಾಲಿ ಬಿಸ್ಕತ್ ಡಬ್ಬದ ಸದ್ದು ಬಂತು. ಬೀದಿಯಲ್ಲಿ ಎಲ್ಲ ಮನೆಗೂ ಅಂಥವೇ ಕಂಬ. ಎದುರು ಮನೆಯವರು ಅದಕ್ಕೆ ಗಿಡಕ್ಕೆ ನೀರು ಬಿಡುವ ಪೈಪ್ ಸುತ್ತಿಟ್ಟಿದ್ದರು.

ಕಾನ್ವೆಂಟಿನಲ್ಲಿ ಸಿಸ್ಟರ್ ತೋರಿಸಿದ್ದ ಗ್ರೀಕ್ ದೇವಸ್ಥಾನದ ಚಿತ್ರವೂ ಹೀಗೇ ಒಗೆದಿಟ್ಟ ಹಾಗಿತ್ತು. ಬಿಳುಪೆಂದರೆ ಶುದ್ಧಿ, ನಿಮ್ಮ ಸಾಕ್ಸ್‌ನಂತೆ, ಎಂದಿದ್ದರು ಅವರು. ನಾನು ನಂಬಿದ್ದೆ.

ಗೃಹಪ್ರವೇಶಕ್ಕೆಂದು ಮೈಸೂರಿನಿಂದ ಬಂದ ಅತ್ತೆ ಕಾರಿನಿಂದ ಇಳಿದು ಕಂಬಗಳ ಮುಂದೆ ನಿಂತುಬಿಟ್ಟರು.

"ಇದೇನೇ, ಇಷ್ಟು ಬೋಳಾಗಿದೆ?"

ಪೂಜೆಯ ದಿನ, ಹೂಸ್ಟನ್‌ನಿಂದ ಬಂದ ಪುರೋಹಿತರಿಗೆ ನಾನು ಕಾಫಿ ಕೊಟ್ಟು ಬರುವಷ್ಟರಲ್ಲಿ, ಅತ್ತೆ ಅರಿಶಿನ ಕಲಸಿ ನಾಲ್ಕು ಕಂಬಕ್ಕೂ ಎದೆಯೆತ್ತರದಲ್ಲಿ ಅಗಲವಾದ ಪಟ್ಟೆ ಬಳಿದು, ನಡುನಡುವೆ ಕುಂಕುಮದ ಬೊಟ್ಟು ಇಟ್ಟಾಗಿತ್ತು. "ಈಗ ಲಕ್ಷಣವಾಯ್ತು," ಎಂದು ಕೈ ತೊಳೆದುಕೊಂಡರು.

ಎರಡು ವಾರಕ್ಕೆ ಬಡಾವಣೆಯ ಮನೆಮಾಲೀಕರ ಸಂಘದಿಂದ ಕಾಗದ ಬಂತು. ನಮ್ಮ ಅಂಗಳದ ಹುಲ್ಲಿನ ಎತ್ತರವನ್ನೂ ಬಿಡದೆ ನೋಡುವವರು ಅವರು. ಗ್ರೀಕ್ ಶೈಲಿಗೆ ಬಿಳಿ ಬಣ್ಣವೇ ಸರಿ, ಹತ್ತು ದಿನದಲ್ಲಿ ಹಳದಿ ಅಳಿಸಿ, ಎಂದಿತ್ತು.

ನಮ್ಮವರು ಬಕೆಟ್ ತಂದರು. ಅತ್ತೆ ಹೊಸ್ತಿಲಲ್ಲೇ ಅಡ್ಡ ನಿಂತರು.

"ಲಕ್ಷ್ಮಿ ಒಳಗೆ ಬಂದು ಇನ್ನೂ ಹದಿನೈದು ದಿನ ಆಗಿಲ್ಲ, ಅರಿಶಿನ ಒರೆಸ್ತೀಯೇನೋ? ಒರೆಸು. ನನಗೂ ನಾಳೇನೇ ಟಿಕೆಟ್ ಮಾಡಿಸು."

"ಅಮ್ಮಾ, ಇಲ್ಲಿ ರೂಲ್ಸ್ ಇದೆ."

"ಪೊಳ್ಳು ಕಂಬಕ್ಕೆ ರೂಲ್ಸ್ ಬೇರೆ!"

ಆಫೀಸಿನಲ್ಲಿ ನಲವತ್ತು ಜನರಿಗೆ ಕೆಲಸ ಹೇಳುವ ನಮ್ಮವರು ಸ್ಪಂಜ್ ಹಿಡಿದು ಹಾಗೇ ನಿಂತರು. ಆರು ತಿಂಗಳು ಇರಲು ಬಂದಿದ್ದ ಅತ್ತೆ ಅಂದೇ ಸೂಟ್‌ಕೇಸ್ ತೆಗೆದು ಸೀರೆ ಮಡಿಸತೊಡಗಿದರು. ಊಟಕ್ಕೆ ಕರೆದರೆ ಮಜ್ಜಿಗೆ ಅನ್ನ ಮಾತ್ರ, ಅದೂ ಗೋಡೆ ಕಡೆ ತಿರುಗಿಕೊಂಡು.

ಹೈಸ್ಕೂಲಿನ ಮಗಳು ಫೋನಿನಿಂದ ಮುಖ ಎತ್ತದೆ ತನ್ನ ಇಂಗ್ಲಿಷಿನಲ್ಲಿ ಹೇಳಿದಳು: ಗ್ರೀಕರು ದೇವಸ್ಥಾನಗಳಿಗೆ ಕೆಂಪು, ನೀಲಿ, ಹಳದಿ ಬಳಿಯುತ್ತಿದ್ದರಂತೆ. ಬಣ್ಣವೆಲ್ಲ ಹೋದ ಮೇಲೆ ನೋಡಿದವರು ಬಿಳಿ ಅಂದುಕೊಂಡರಂತೆ. "ಅಜ್ಜಿ ಈಸ್ ದಿ ಓನ್ಲಿ ಗ್ರೀಕ್ ಆನ್ ದಿಸ್ ಸ್ಟ್ರೀಟ್."

ಪಾಪ, ಸಿಸ್ಟರ್.

ಸಂಘದ ಸಭೆಗೆ ನಾನೇ ಹೋದೆ. ಮಗಳು ಹೇಳಿದ್ದನ್ನೆಲ್ಲ ಕಾನ್ವೆಂಟಿನ ದುಂಡಕ್ಷರದಲ್ಲಿ ಬರೆದುಕೊಂಡು ಹೋಗಿ ಮೆಲ್ಲಗೆ ಓದಿದೆ. ಅಧ್ಯಕ್ಷರು, "ನಾನು ಗ್ರೀಸ್‌ಗೆ ಹೋಗಿ ಬಂದಿದ್ದೇನೆ, ಬಿಳಿಯೇ ಇತ್ತು," ಎಂದರು. ಮೇಜಿನ ಮೇಲೆ ಒಪ್ಪಿಗೆಯಾದ ಬಣ್ಣಗಳ ಪಟ್ಟಿ ಹರಡಿದರು. ಏಳು ಬಣ್ಣ, ಏಳೂ ಬಿಳಿ.

ಪಕ್ಕದಲ್ಲಿದ್ದ ಕಾರ್ಯದರ್ಶಿ ಹೆಂಗಸಿಗೆ ನನ್ನ ಇಂಗ್ಲಿಷ್ ಹಿಡಿಸಿರಬೇಕು. "ಇದು ಹಬ್ಬದ ಅಲಂಕಾರವೇ?" ಎಂದು ಕೇಳಿದರು. "ಹಬ್ಬದ್ದಾದರೆ ಮೂವತ್ತು ದಿನ ಇಡಬಹುದು."

"ಹಬ್ಬದ್ದೇ," ಎಂದೆ.

"ಅದಾದ ಮೇಲೆ ಮುಂದಿನ ಹಬ್ಬ ಯಾವಾಗ?" ಎಂದರು ಕಾರ್ಯದರ್ಶಿ.

ನಮ್ಮ ದಿನಸಿ ಅಂಗಡಿಯವರು ಕೊಟ್ಟ ಕನ್ನಡ ಕ್ಯಾಲೆಂಡರ್ ಬ್ಯಾಗಿನಲ್ಲೇ ಇತ್ತು. ವರಮಹಾಲಕ್ಷ್ಮಿ, ಗೌರಿ, ಗಣೇಶ, ದಸರಾ, ದೀಪಾವಳಿ, ತುಳಸಿ ಪೂಜೆ ಎಂದು ಒಂದೊಂದಾಗಿ ಓದಿದೆ. ಅವರು ಒಂದೊಂದಾಗಿ ಬರೆದುಕೊಂಡರು. ಸಂಕ್ರಾಂತಿ ಓದುವ ಹೊತ್ತಿಗೆ ಪೆನ್ನು ಕೆಳಗಿಟ್ಟು, ಫಾರಂ ಮೇಲೆ 'ವರ್ಷಪೂರ್ತಿ' ಎಂದು ಬರೆದರು. ಅಧ್ಯಕ್ಷರು ಕಿಟಕಿಯಾಚೆ ನೋಡುತ್ತಾ ಸಹಿ ಹಾಕಿದರು.

ಮನೆಗೆ ಬಂದಾಗ ಅತ್ತೆ ಮುಚ್ಚಿದ ಸೂಟ್‌ಕೇಸಿನ ಮೇಲೇ ಕೂತಿದ್ದರು.

"ಏನಂದ್ರು?"

"ನಿಮ್ಮದೇ ಸರಿಯಂತೆ ಅತ್ತೆ. ವರ್ಷಪೂರ್ತಿ ಇರಬಹುದಂತೆ."

ಅತ್ತೆ ಎದ್ದು ಸೀರೆಗಳನ್ನು ಮತ್ತೆ ಬೀರುವಿನಲ್ಲಿ ಇಟ್ಟರು. ಎರಡು ಸಲ ಹುಳಿ ಹಾಕಿಸಿಕೊಂಡು ಉಂಡರು. ಆಮೇಲೆ ಅರಿಶಿನದ ಬಟ್ಟಲು ಹಿಡಿದು ಕಿಟಕಿಯ ಬಳಿ ನಿಂತು, ಎದುರು ಮನೆ ಕಡೆ ನೋಡಿ ಲೊಚಗುಟ್ಟಿದರು.

"ಪಾಪ, ಅವರದೂ ಬೋಳಾಗೇ ಇದೆಯಲ್ಲೇ."