ನಡೆದು ನೋಡದ ಎರಡು ಕಿಲೋಮೀಟರು

ಎನ್.ಆರ್. ಕಾಲೋನಿಯ ಆಂಜಿನಯ್ಯನವರು ಹುಟ್ಟಿದ್ದು 3 ಅಕ್ಟೋಬರ್ 1958ರಂದು. 1959 ಎಂಬುದು ಶಾಲೆಯ ದಾಖಲೆಯಲ್ಲಿ ನುಸುಳಿದ ತಪ್ಪು. 2 ಜೂನ್ 1997, ಸೋಮವಾರ, ಅವರು ಆಸ್ಪತ್ರೆ, ಬ್ಯಾಂಕುಗಳ ಮಾಹಿತಿಯನ್ನು ಕೇಬಲ್ಲುಗಳ ಮೂಲಕ ಸಾಗಿಸುವ ಖಾಸಗಿ ಕಂಪನಿಯೊಂದನ್ನು ಸೇರಿದರು. ಯಾವ ಮಾಹಿತಿ ಯಾವ ಹಾದಿಯಲ್ಲಿ ಹೋಗಬೇಕೆಂದು ರೂಟರ್ ಯಂತ್ರಗಳಲ್ಲಿ ನಿಗದಿಪಡಿಸುವುದು ಅವರ ಕೆಲಸ. ಹಾಗೆ ನಿಗದಿಯಾದ ಹಾದಿಯನ್ನು ಟನೆಲ್ ಎನ್ನುತ್ತಾರೆ. ಪ್ರತಿ ಟನೆಲ್ಲಿಗೂ ಬೇರೊಂದು ಕೇಬಲ್ಲಿನಲ್ಲಿ ಬದಲಿ ಟನೆಲ್ಲೊಂದನ್ನು ಮೊದಲೇ ಹೊಂದಿಸಿಡಬೇಕು. ಕೇಬಲ್ಲು ಕಡಿದರೆ ಕಣ್ಣು ಮಿಟುಕಿಸುವುದರೊಳಗೆ ರೂಟರು ಮಾಹಿತಿಯನ್ನು ಅತ್ತ ಹೊರಳಿಸುತ್ತದೆ.

ಕುಳಿತಲ್ಲೇ ಇದನ್ನು ಮಾಡಿ ಮುಗಿಸುವವರು ಅನೇಕರಿದ್ದರು. ಆಂಜಿನಯ್ಯನವರು ಹಾಗಲ್ಲ. ಎರಡೂ ಕೇಬಲ್ಲುಗಳ ಉದ್ದಕ್ಕೂ ನಡೆದು, ಕೇಬಲ್ಲು ಹಾದುಹೋಗುವ ಗುಂಡಿಗಳ, ಅಂದರೆ ಚೇಂಬರುಗಳ, ಮುಚ್ಚಳಗಳನ್ನು ಎತ್ತಿಸಿ, ಅವು ನೆಲದಡಿ ಎಲ್ಲಿಯೂ ಒಂದೇ ಕಾಲುವೆಯಲ್ಲಿ ಕೂಡಿಲ್ಲವೆಂದು ಕಂಡ ಮೇಲೆಯೇ ‘ಖುದ್ದು ನೋಡಿದ್ದೇನೆ’ ಎಂಬ ನಮೂನೆಗೆ ರುಜು ಹಾಕುತ್ತಿದ್ದರು.

12 ಫೆಬ್ರವರಿ 2006, ಭಾನುವಾರ, ಅವರ ತಾಯಿ ಜಾನಕಮ್ಮ ತೀರಿಕೊಂಡರು. ಕರ್ಮ ಹಿಡಿದವನು ಸೂತಕ ಕಳೆಯುವವರೆಗೆ ಹೊಸಿಲು ದಾಟಿ ಅಲೆಯಬಾರದೆಂಬುದು ಆ ಮನೆಯ ಕಟ್ಟಳೆ. ಒಂಬತ್ತನೆಯ ದಿನ ಕಚೇರಿಯ ಮಹಾನಂದ ಎಂಬಾಕೆ ನಮೂನೆಯೊಂದನ್ನು ತಂದು, ಮುಟ್ಟದಂತೆ ಜಗಲಿಯ ಮೇಲಿಟ್ಟರು. ಬಸವನಗುಡಿಯ ಹೃದ್ರೋಗ ಆಸ್ಪತ್ರೆಯೊಂದಕ್ಕೆ ಸೇರಿದ ಟನೆಲ್ಲಿನ ನಮೂನೆ ಅದು. ವಿಶ್ವೇಶ್ವರಪುರದ ಎರಡು ಕಿಲೋಮೀಟರು ನಡೆದು ನೋಡುವುದು ಬಾಕಿಯಿತ್ತು. ಗುತ್ತಿಗೆದಾರರ ನಕ್ಷೆಯಲ್ಲಿ ಕೇಬಲ್ಲುಗಳು ಬೇರೆ ಬೇರೆ ಬೀದಿಗಳಲ್ಲಿದ್ದವು. ಆಂಜಿನಯ್ಯನವರು ನಕ್ಷೆಯನ್ನು ನಂಬಿ ರುಜು ಹಾಕಿದರು.

27ರಂದು ಕೆಲಸಕ್ಕೆ ಮರಳಿ, ರೂಟರಿನಲ್ಲಿ ಮುಖ್ಯ ಸಂಪರ್ಕವನ್ನು ಮುಚ್ಚಿ ಪರೀಕ್ಷಿಸಿದರು. ಮಾಹಿತಿ ಸರಿಯಾಗಿಯೇ ಹೊರಳಿತು. ರುಜು ಬಿದ್ದಾಗಿತ್ತು, ಆ ಎರಡು ಕಿಲೋಮೀಟರನ್ನು ಅವರು ನಡೆಯಲೇ ಇಲ್ಲ.

14 ಜುಲೈ, ಶುಕ್ರವಾರ, ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ಸಜ್ಜನ್ ರಾವ್ ವೃತ್ತದ ಬಳಿ ಚರಂಡಿ ತೋಡುತ್ತಿದ್ದ ಯಂತ್ರ ಒಂದೇ ಏಟಿಗೆ ಎರಡೂ ಕೇಬಲ್ಲುಗಳನ್ನು ಕಿತ್ತಿತು. ಅವು ಒಂದೇ ಕಾಲುವೆಯಲ್ಲಿದ್ದವು. ಮೂರನೆಯ ಹಾದಿಯೊಂದನ್ನು ಹೊಂದಿಸುವಷ್ಟರಲ್ಲಿ 12 ಗಂಟೆ 48 ನಿಮಿಷವಾಗಿತ್ತು. ಕನಕಪುರ ರಸ್ತೆಯಾಚೆಯ ಹಳ್ಳಿಯೊಂದರ ಚಿಕಿತ್ಸಾಲಯದಿಂದ 11 ಗಂಟೆ 20ಕ್ಕೆ ಕಳಿಸಿದ ಇಸಿಜಿ ಆಸ್ಪತ್ರೆಯ ವೈದ್ಯರಿಗೆ ತಲುಪಲಿಲ್ಲ. ಅದನ್ನು ನೋಡಿ ಅವರು ಹೇಳದೆ ಚಿಕಿತ್ಸಾಲಯದಲ್ಲಿ ಹೃದಯಾಘಾತದ ಇಂಜೆಕ್ಷನ್ ಕೊಡುವಂತಿರಲಿಲ್ಲ. ಮುನಿಲಕ್ಷ್ಮಮ್ಮ ಎಂಬ ಐವತ್ತೊಂದು ವರ್ಷದ ಹೆಂಗಸು ಮಧ್ಯಾಹ್ನ ಹನ್ನೆರಡೂವರೆಗೆ ತೀರಿಕೊಂಡರು.

ಕಂಪನಿ ಅದನ್ನು ಆಕಸ್ಮಿಕವೆಂದು ಬರೆದುಕೊಂಡಿತು. ಆಂಜಿನಯ್ಯನವರು ನಡೆದುದನ್ನು ನಡೆದಂತೆ ಪತ್ರದಲ್ಲಿ ಬರೆದುಕೊಟ್ಟರು. ಅದನ್ನು ಕಡತಕ್ಕೆ ಸೇರಿಸಿ ಎಲ್ಲರೂ ಸುಮ್ಮನಾದರು.

“ಯಾರೂ ಕೇಳ್ತಿಲ್ವಲ್ಲ ಸಾರ್, ನೀವ್ಯಾಕ್ ಮೈಮೇಲೆ ಎಳ್ಕೋತೀರಾ?” ಎಂದರು ಮಹಾನಂದ. “ತಲೆ ಬೋಳಿಸ್ಕೊಂಡು ಕೂತಿದ್ರಿ. ಗೋಡೆ ಹಾರಿ ಬಂದು ಮುಚ್ಚಳ ಎತ್ತಿಸ್ಬೇಕಿತ್ತಾ?”

“ಸೂತಕ ಹನ್ನೊಂದ್ ದಿನಕ್ಕೆ ಮುಗೀತಮ್ಮ. ಆಮೇಲೆ ನಾಲ್ಕೂವರೆ ತಿಂಗ್ಳಿತ್ತು.”

ತಪ್ಪನ್ನು ತಪ್ಪೆಂದು ಕೇಳುವವರು ಯಾರಾದರೂ ಬೇಕಾಗಿತ್ತು ಅವರಿಗೆ. 6 ಆಗಸ್ಟ್, ಭಾನುವಾರ, ಆ ಹಳ್ಳಿಗೆ ಹೋಗಿ ಮುನಿಲಕ್ಷ್ಮಮ್ಮನ ಗಂಡ ದೊಡ್ಡಬೈರಪ್ಪನವರ ಎದುರು ನಿಂತು ಎಲ್ಲವನ್ನೂ ಹೇಳಿದರು. ಅವರು ಕೊನೆಯವರೆಗೆ ಕೇಳಿಸಿಕೊಂಡರು.

“ಅಂಗಾರೆ ಇನ್ನೊಂದ್ ದಾರಿ ಇಟ್ಟಿದ್ರಾ?”

“ಇಟ್ಟಿದ್ವಿ. ಸರಿಯಾಗಿ ಇಟ್ಟಿರ್ಲಿಲ್ಲ.”

“ಯಾಕ್ ಸ್ವಾಮಿ ಇದ್ನ ಹೇಳಕ್ ಬಂದ್ರಿ? ಅವಳ ಆಯಸ್ಸೇ ಅಷ್ಟು ಅಂದ್ಕೊಂಡು ಇಪ್ಪತ್ಮೂರ್ ದಿನ ಹೆಂಗೋ ತಳ್ದೆ. ಇನ್ಮೇಲೆ ಏನ್ ಅಂದ್ಕೊಂಡ್ ತಳ್ಲಿ? ನಿಮ್ಮನ್ನ ಬೈಕೊಂಡಾ?”

“ಬೈರಿ. ಅದಕ್ಕೇ ಬಂದೆ.”

ದೊಡ್ಡಬೈರಪ್ಪನವರು ಬೈಯಲಿಲ್ಲ. ಹೊಸಿಲ ಮೇಲೆ ಕುಸಿದು ಕುಳಿತು, ಹೆಂಡತಿ ಅಂದೇ ಸತ್ತಂತೆ ಅಳತೊಡಗಿದರು.