ಹುರುಳಿಯ ಮೇಲೆ ಒಂದು ಸುತ್ತು

ಚಪ್ಪಲಿಯ ಅಟ್ಟೆ ಸವೆದರೆ ನನಗೆ ಕೂಡಲೇ ತಿಳಿಯುತ್ತದೆ. ಬಚ್ಚಲ ಬಾಗಿಲಲ್ಲಿ ಒಮ್ಮೆ ಕಾಲು ಜಾರಿದರೆ ಸಾಕು, ಸಂಜೆಯೊಳಗೆ ಯಳಂದೂರಿನ ಅಂಗಡಿ ಬೀದಿಯಲ್ಲಿ ನಿಂತು, ಅಟ್ಟೆಯ ಗೆರೆಗಳನ್ನು ಹಸ್ತಸಾಮುದ್ರಿಕದವನಂತೆ ಪರೀಕ್ಷಿಸಿ, ಹೊಸ ಜೋಡಿ ತರುತ್ತೇನೆ. ಸ್ವಂತ ಪಾದಗಳ ವಿಷಯದಲ್ಲಿ ಇಷ್ಟು ಜಾಗರೂಕನಾದ ನಾನು ಕಾರಿನ ಪಾದಗಳ ವಿಷಯದಲ್ಲಿ ಮಾತ್ರ ಪರಮ ವೇದಾಂತಿ. ನಾಲ್ಕು ಟೈರುಗಳೂ ಸವೆದು ನುಣುಪಿನಲ್ಲಿ ನನ್ನ ತಲೆಯೊಂದಿಗೆ ಸ್ಪರ್ಧೆಗಿಳಿದಿದ್ದರೂ, ಆಯುಧಪೂಜೆಯಂದು ಅವಕ್ಕೆ ವಿಭೂತಿ ಬಳಿದು, ಅವುಗಳ ಅಡಿಯಲ್ಲಿ ನಿಂಬೆಹಣ್ಣಿಟ್ಟು, ಹಣ್ಣು ಅಪ್ಪಚ್ಚಿಯಾದ ಕ್ಷಣವೇ ಇನ್ನೊಂದು ವರ್ಷದ ಅಭಯ ಸಿಕ್ಕಿತೆಂದು ನಂಬಿದವನು. "ಪೂಜೆ ಆಮೇಲ್ ಮಾಡ್ರಿ, ಮೊದ್ಲು ಟೈರ್ ಆಕುಸ್ರಿ" ಎಂದ ಹೆಂಡತಿಯ ಮಾತು ಮಂತ್ರದ ನಡುವಿನ ಅಪಸ್ವರದಂತೆ ಕೇಳಿಸಿತ್ತು.

ಈ ಅಭಯದ ಅವಧಿ ಎಷ್ಟೆಂಬುದು ಸುಗ್ಗಿಯ ಒಂದು ಬೆಳಿಗ್ಗೆ ಗೊತ್ತಾಯಿತು. ಹನೂರಿನಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥಕ್ಕೆ ಹೆಂಡತಿಯೊಂದಿಗೆ ಹೊರಟಿದ್ದೆ. ಕೊಳ್ಳೇಗಾಲ ದಾಟುವಾಗ ಅಕಾಲದ ತುಂತುರು ಹಿಡಿದಿತ್ತು. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ ಎಂಬುದು ನಿಮಗೂ ಗೊತ್ತಿರಬಹುದು. ಹುರುಳಿ ಗಿಡಗಳನ್ನು ಹರವಿಬಿಟ್ಟರೆ ಹೋಗಿಬರುವ ವಾಹನಗಳೇ ಎತ್ತುಗಳ ಬದಲಿಗೆ ತುಳಿದು ಕಾಳು ಬಿಡಿಸಿಕೊಡುತ್ತವೆ. ಮಧುವನಹಳ್ಳಿಯ ಆಚೆ ಅಂಥದ್ದೇ ಒಂದು ಹಾಸು, ನೆನೆಯುತ್ತಿದ್ದ ಅದನ್ನು ಅವಸರದಲ್ಲಿ ಬದಿಗೆಳೆಯುತ್ತಿದ್ದ ಒಬ್ಬ ಅಜ್ಜಿ. ಅವಳನ್ನು ಕಂಡು ಬ್ರೇಕ್ ಒತ್ತಿದೆ. ಕಾರು ನಿಲ್ಲುವ ಬದಲು ಜಾರಿತು. ಸ್ಟೀರಿಂಗ್ ಎತ್ತ ತಿರುಗಿಸಿದರೂ ಅದಕ್ಕೂ ಚಕ್ರಗಳಿಗೂ ನಂಟೇ ಕಡಿದುಹೋದಂತಿತ್ತು. ಹುಣಸೆಮರ, ಆಕಾಶ, ಅಜ್ಜಿಯ ಕೆಂಪು ಸೀರೆ, ಮತ್ತೆ ಹುಣಸೆಮರ ಗಾಜಿನ ಮುಂದೆ ಹಾದುಹೋದವು. ಕೊನೆಗೆ ನಿಂತಾಗ ಕಾರು ಬಂದ ದಾರಿಗೇ, ಕೊಳ್ಳೇಗಾಲದ ಕಡೆಗೆ, ಮುಖ ಮಾಡಿತ್ತು.

ನಾವಿಬ್ಬರೂ ಬದುಕಿದ್ದೆವು. ರಸ್ತೆಯಲ್ಲಿ ಅಜ್ಜಿ ಇರಲಿಲ್ಲ.

"ಅಯ್ಯೋ, ಆ ಅಜ್ಜಿ ಎಲ್ರೀ?" ಎಂದು ಹೆಂಡತಿ ಚೀರಿದಳು. ನಾನು ಧಡಕ್ಕನೆ ಇಳಿದೆ. ಒಂದು ಹೊಸ ಚಪ್ಪಲಿ ಹಸಿ ಹುರುಳಿಯಲ್ಲಿ ಸಿಕ್ಕಿ ಅಲ್ಲೇ ಉಳಿಯಿತು. ಮಂಡಿಯೂರಿ ಕಾರಿನಡಿಗೆ ಬಗ್ಗುವಾಗ, ದೇವರೇ, ಅಲ್ಲಿ ಆ ಕೆಂಪು ಸೀರೆ ಕಾಣಿಸದಿರಲಿ ಎಂದಷ್ಟೇ ಬೇಡಿಕೊಂಡೆ. ಯಾವ ಪೂಜೆಯಲ್ಲೂ ನಾನು ಅಷ್ಟು ಮನಸ್ಸಿಟ್ಟು ಬೇಡಿದ್ದಿಲ್ಲ.

"ಅಲ್ಲೇನ್ ಉಡುಕ್ತಿದ್ದೀರಿ ಸಾ? ನಾ ಇಲ್ಲಿವ್ನಿ ಕಣ್ರೀ!"

ರಸ್ತೆ ಬದಿಯ ಹುರುಳಿ ಗುಡ್ಡೆಯಿಂದ ಮೊದಲು ಒಂದು ಕೈ, ಆಮೇಲೆ ಸೊಪ್ಪು ಸಿಕ್ಕಿಸಿಕೊಂಡ ಒಂದು ತಲೆ ಎದ್ದಿತು. ಕಾರು ಜಾರುತ್ತಲೇ ಅಜ್ಜಿ ಗುಡ್ಡೆಗೆ ಧುಮುಕಿದ್ದಳು. ನಾನು ರಸ್ತೆಯಲ್ಲೇ ಕುಳಿತು ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. "ಉಳ್ಳಿ ತುಳೀಲಿ ಅಂತ ಆಕಿದ್ರೆ ನನ್ನೇ ತುಳಿಯಕ್ ಬಂದ್ರಲ್ಲಾ! ಏಳಿ ಸಾ, ಮಳೆ ಜೋರಾಯ್ತದೆ" ಎಂದಳು ಅಜ್ಜಿ. ನಿಶ್ಚಿತಾರ್ಥದ ರೇಷ್ಮೆ ಬಟ್ಟೆಯಲ್ಲೇ ನಾವಿಬ್ಬರೂ ಅವಳ ಜೊತೆ ಹುರುಳಿ ಬಾಚಿ ಗುಡ್ಡೆ ಮಾಡಿದೆವು. ಇನ್ನೊಂದು ಚಪ್ಪಲಿ ಆ ಗುಡ್ಡೆಯೊಳಗೆಲ್ಲೋ ಸೇರಿಹೋಗಿ, ಹನೂರಿಗೆ ನಾನು ಒಂಟಿ ಚಪ್ಪಲಿಯಲ್ಲೇ ತಲುಪಿದೆ. ದಾರಿಯುದ್ದಕ್ಕೂ ಹೆಂಡತಿ ತನ್ನ ರೇಷ್ಮೆ ಸೀರೆಯಿಂದ ಹುರುಳಿ ಸೊಪ್ಪನ್ನು ಒಂದೊಂದಾಗಿ ಹೆಕ್ಕಿ ನನ್ನ ಕಣ್ಣೆದುರೇ ಸಾಲಾಗಿ ಇಡುತ್ತಾ ಬಂದಳು, ಅದೇ ದೊಡ್ಡ ಬೈಗುಳ.

ಮುಂದಿನ ವಾರ ಬಿಸಿಲು ಬಂದಾಗ, ನಾಲ್ಕು ಹೊಸ ಟೈರುಗಳ ಮೇಲೆ ಅದೇ ದಾರಿಯಲ್ಲಿ ಹೋದೆ. ಹುರುಳಿ ಮತ್ತೆ ರಸ್ತೆಯಲ್ಲಿ ಹರಡಿತ್ತು. ನನ್ನ ಕಾರನ್ನು ದೂರದಿಂದಲೇ ಗುರುತಿಸಿದ ಅಜ್ಜಿ ಸೆರಗು ಬಿಗಿದು ಹುಣಸೆಮರದ ಹಿಂದಿನ ಬದು ಹತ್ತಿ ನಿಂತಳು. "ಹೊಸ ಟೈರು ಅಜ್ಜೀ!" ಎಂದು ಇಳಿದು ತೋರಿಸಿದೆ.

"ಒಳ್ಳೇದಾಯ್ತು ಸಾ. ನೀವ್ ತುಳ್ಕಂಡ್ ಓಗಿ, ನಾ ಇಲ್ಲೇ ನಿಂತಿರ್ತೀನಿ" ಎಂದವಳು, ಮರದ ಬುಡದಲ್ಲಿ ಎತ್ತಿಟ್ಟಿದ್ದ ನನ್ನ ಚಪ್ಪಲಿಯನ್ನು ಅಲ್ಲಿಂದಲೇ ಎಸೆದಳು.

ಅದರ ಅಟ್ಟೆಯ ಗೆರೆಗಳು ಹೊಚ್ಚಹೊಸದಾಗಿಯೇ ಇದ್ದವು. ಅವನ್ನು ಪರೀಕ್ಷಿಸುವ ಬದಲು ಬದುವಿನ ಮೇಲೆ ಗಟ್ಟಿಯಾಗಿ ನಿಂತಿದ್ದ ಆ ಕೆಂಪು ಸೀರೆಯನ್ನೇ ಕಣ್ತುಂಬ ನೋಡಿ, ಅವಳ ಹುರುಳಿಯನ್ನು ಆಮೆಯ ವೇಗದಲ್ಲಿ ಎರಡು ಸಲ ತುಳಿದುಕೊಟ್ಟು ಹೋದೆ.